‘ಅಪರಿಚಿತರೊಂದಿಗೆ ಮಾತು ಬೇಡ’ ಎಂಬ ಆ ಒಂದು ಸಾಲು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಒಂಟಿ ಪ್ರಯಾಣಿಕರಿಗೆ ಹತ್ತು ಸೂಚನೆಗಳು ಬಂದಿದ್ದವು. ಒಂಬತ್ತರ ಬಗ್ಗೆ ನನ್ನ ತಕರಾರಿಲ್ಲ. ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ, ಹಣವನ್ನೆಲ್ಲ ಒಂದೇ ಕಡೆ ಇಡಬೇಡಿ, ಮಾತ್ರೆ ಮರೆಯಬೇಡಿ, ಎಲ್ಲಾ ಸರಿ. ಆರನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ‘ಅಪರಿಚಿತರೊಂದಿಗೆ ಮಾತು ಬೆಳೆಸಬೇಡಿ.’ ಪತ್ರಿಕೆಗೆ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ನಾಲ್ಕು ದಿನದಿಂದ ಈ ಸಾಲು ತಲೆಯಲ್ಲಿ ಕೂತು ಕೊರೆಯುತ್ತಿದೆ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ. ಗಡಿಯಾರದವರ ಕತೆ ಮಾತ್ರ ಉಳಿಸಿ.

ನನಗೆ ಈಗ 63 ವರ್ಷ. 1984ರಲ್ಲಿ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದವಳು. ಈಗಿನವರಿಗೆ ಅದೇನೆಂದು ಬಿಡಿಸಿ ಹೇಳಬೇಕು. ಆಗ ದೂರದ ಊರಿಗೆ ಫೋನ್ ಮಾಡಬೇಕಾದರೆ ಮೊದಲು ನಮ್ಮಲ್ಲಿ ಬುಕ್ ಮಾಡಿ ಕಾಯಬೇಕಿತ್ತು. ಅವಸರ ಇದ್ದವರಿಗೆ ಅರ್ಜೆಂಟ್ ಕಾಲ್, ಅದಕ್ಕಿಂತ ಅವಸರಕ್ಕೆ ಲೈಟ್ನಿಂಗ್ ಕಾಲ್. ನಾವು ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕೂರುತ್ತಿದ್ದೆವು. ಈ ತೂತಿನಿಂದ ಆ ತೂತಿಗೆ ವೈರು ಚುಚ್ಚಿ ಇಬ್ಬರನ್ನು ಜೋಡಿಸುತ್ತಿದ್ದೆವು. ಮೂರು ನಿಮಿಷವಾದ ತಕ್ಷಣ ನಡುವೆ ಬಾಯಿ ಹಾಕಿ ‘ತ್ರೀ ಮಿನಿಟ್ಸ್’ ಅನ್ನಬೇಕು. ನಮ್ಮ ಮಾತು ಅಷ್ಟೇ. ಜನರ ಮಾತು ಕೇಳಿಸಿಕೊಳ್ಳಬಾರದು ಎಂಬ ನಿಯಮವಿತ್ತು. ಆದರೂ ಕಿವಿಗೆ ಬೀಳುವುದು ಬೀಳುತ್ತಿತ್ತು. ಮಗು ಹುಟ್ಟಿದ್ದು, ಕೆಲಸ ಸಿಕ್ಕಿದ್ದು, ಯಾರೋ ತೀರಿಕೊಂಡದ್ದು. ಒಮ್ಮೆ ಒಬ್ಬ ಗಂಡಸು ಮೂರು ನಿಮಿಷವೂ ಬರೀ ಅತ್ತ. ನಾನು ‘ತ್ರೀ ಮಿನಿಟ್ಸ್’ ಅಂದೆ. ಬೇರೇನೂ ಹೇಳುವ ಹಾಗಿರಲಿಲ್ಲ.

ಆಮೇಲೆ ದೂರದ ಊರಿಗೂ ಜನ ತಾವೇ ನಂಬರ್ ತಿರುಗಿಸುವ ಎಸ್‌ಟಿಡಿ ಬಂತು, ನಮ್ಮ ಬೋರ್ಡು ಹೋಯಿತು. ನನ್ನನ್ನು ಬಿಲ್ಲು ಬರೆಯುವ ಕಡೆ ಹಾಕಿದರು. ಅಲ್ಲಿ ಕೂತು ಪ್ರಯಾಣದ ಪುಸ್ತಕಗಳನ್ನು ಓದಿದೆ, ಸಿಕ್ಕಿದ್ದೆಲ್ಲ ಓದಿದೆ. ನಿವೃತ್ತಿಯಾದ ಮೇಲೆ ಹೊರಟೇಬಿಟ್ಟೆ. ಯಾರೂ ಇಲ್ಲದ ಹೆಂಗಸು ಅಂತ ದಯವಿಟ್ಟು ತಿಳಿಯಬೇಡಿ. ಮನೆಯಲ್ಲಿ ಯಜಮಾನರಿದ್ದಾರೆ, ಗಟ್ಟಿಯಾಗಿದ್ದಾರೆ. ಸೂಟ್‌ಕೇಸ್ ಕಂಡರೆ ಅವರಿಗೆ ಜ್ವರ ಬರುತ್ತದೆ, ಅಷ್ಟೇ.

ಮೊದಲ ಸಲ ಒಬ್ಬಳೇ ಹೋದಾಗ ನನಗೂ ನಿಮ್ಮ ಆರನೆಯ ಸೂಚನೆಯೇ ಬಾಯಿಪಾಠವಾಗಿತ್ತು. ಒಂದು ಸಣ್ಣ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕಿತ್ತು. ಮುಂದಿನ ರೈಲು ಮೂರು ಗಂಟೆ ಲೇಟು. ರಾತ್ರಿ ಹತ್ತೂವರೆ. ವೇಟಿಂಗ್ ರೂಮಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದೆ. ಎದುರಿನ ಬೆಂಚಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು. ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಮಗುವನ್ನು ಮಲಗಿಸಿಕೊಂಡವರ ಹಾಗೆ ಎರಡೂ ಕೈಯನ್ನು ಅದರ ಮೇಲಿಟ್ಟುಕೊಂಡಿದ್ದರು. ಕೋವಿಯೇ ಇರಬೇಕು ಅಂತ ನನ್ನ ಲೆಕ್ಕ. ಅರ್ಧ ಗಂಟೆ ಅದನ್ನೇ ನೋಡಿದೆ. ಕೊನೆಗೆ ಹೆದರಿಕೆಗಿಂತ ಕುತೂಹಲ ಜಾಸ್ತಿಯಾಯಿತು.

‘ಅದೇನು ಸಾರ್?’ ಅಂದೆ.

‘ಪೆಂಡುಲಮ್ಮು,’ ಅಂದರು.

ಅವರು ಗೋಪುರದ ಗಡಿಯಾರಗಳನ್ನು ರಿಪೇರಿ ಮಾಡುವವರು. ಎಲ್ಲೋ ಒಂದು ಕಡೆ ನಿಂತುಹೋದ ಗಡಿಯಾರಕ್ಕೆ ಹೊಸ ಲೋಲಕ ಮಾಡಿಸಿಕೊಂಡು ಹೊರಟಿದ್ದರು. ಟವೆಲ್ ಬಿಚ್ಚಿ ತೋರಿಸಿದರು. ಮರದ ಕೋಲು, ತುದಿಯಲ್ಲಿ ತಿರುಪು. ತೂಕದ ಗುಂಡು ಬೇರೆ ಚೀಲದಲ್ಲಿತ್ತು. ಮರ ಯಾಕೆ ಅಂತ ಕೇಳಿದೆ. ಅವರಿಗೆ ಅಷ್ಟೇ ಬೇಕಿತ್ತು. ಬಿಸಿಗೆ ಲೋಹ ಹಿಗ್ಗುತ್ತದಂತೆ. ಲೋಲಕ ಕೂದಲೆಳೆಯಷ್ಟು ಉದ್ದವಾದರೂ ತೂಗುವುದು ನಿಧಾನವಾಗಿ ಗಡಿಯಾರ ಹಿಂದೆ ಬೀಳುತ್ತದಂತೆ. ಚಳಿಯಲ್ಲಿ ಕುಗ್ಗಿ ಮುಂದೆ ಓಡುತ್ತದಂತೆ. ಮರ ಬಿಸಿಗೆ ಅಷ್ಟಾಗಿ ಹಿಗ್ಗುವುದಿಲ್ಲ. ಆ ಕಡೆಗೆ ಒಂದು ಸೆಕೆಂಡು, ಈ ಕಡೆಗೆ ಒಂದು ಸೆಕೆಂಡು ತೂಗಬೇಕಾದರೆ ಲೋಲಕ ಸುಮಾರು ಒಂದು ಮೀಟರ್ ಇರಬೇಕು ಅಂತಲೂ ಹೇಳಿದರು. ಶಾಲೆಯಲ್ಲಿ ಇದನ್ನು ಓದಿರಬೇಕು. ತಲೆಗೆ ಹೋದದ್ದು ಆ ರಾತ್ರಿ.

‘ಲೇಟಾದರೆ ನಿಮಗೆ ತೊಂದರೆ ಆಗಲ್ವಾ?’ ಅಂದೆ.

‘ನಾನು ಲೇಟಾಗಿ ಹೋದರೆ ಯಾರಿಗೂ ಗೊತ್ತಾಗಲ್ಲ ತಾಯಿ. ಗಡಿಯಾರವೇ ನಿಂತಿದೆಯಲ್ಲ.’

ಸ್ವಲ್ಪ ಹೊತ್ತಿಗೆ ರೈಲಿನ ವಿಚಾರ ಕೇಳಿಕೊಂಡು ಬರುತ್ತೇನೆ ಅಂತ ಎದ್ದರು. ‘ಇದನ್ನ ಸ್ವಲ್ಪ ಹಿಡ್ಕೊಂಡಿರಿ, ಬೆಂಚಿನ ಮೇಲಿಟ್ಟರೆ ಉರುಳುತ್ತೆ’ ಅಂತ ಲೋಲಕವನ್ನು ನನ್ನ ಕೈಗೆ ಕೊಟ್ಟು ಹೋದರು. ನನ್ನ ಕೈಚೀಲವನ್ನು ನೆಲಕ್ಕಿಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಅವರು ಬರಲು ಇಪ್ಪತ್ತು ನಿಮಿಷವಾಯಿತು. ಅಷ್ಟು ಹೊತ್ತೂ ಕೈಚೀಲದ ನೆನಪೇ ಬರಲಿಲ್ಲ.

ಅವರ ಹೆಸರು ಕೇಳಲಿಲ್ಲ. ಅವರೂ ನನ್ನ ಹೆಸರು ಕೇಳಲಿಲ್ಲ. ನಮ್ಮ ಎಕ್ಸ್‌ಚೇಂಜಿನಲ್ಲಿ ಪಿಪಿ ಕಾಲ್ ಅಂತ ಒಂದಿತ್ತು. ಇಂಥವರೇ ಬೇಕು, ಅವರು ಸಿಕ್ಕಿದರೆ ಮಾತ್ರ ಜೋಡಿಸಿ ಅಂತ. ಅದಕ್ಕೆ ದುಡ್ಡು ಜಾಸ್ತಿ. ಮಾಮೂಲಿ ಕಾಲಿನಲ್ಲಿ ಆ ಕಡೆ ಯಾರು ಎತ್ತಿದರೂ ಸರಿ. ನಾನು ಈಗ ಮಾಡುವುದೆಲ್ಲ ಮಾಮೂಲಿ ಕಾಲ್.

ಮಾರನೆಯ ವರ್ಷ ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಆರು ದಿನ. ಒಬ್ಬರೂ ನಮ್ಮನ್ನು ಮಾತಾಡಿಸಲಿಲ್ಲ. ಯಾಕೆ ಮಾತಾಡಿಸುತ್ತಾರೆ? ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ಗುಸುಗುಸು ಮಾಡುತ್ತಿದ್ದರೆ ನಡುವೆ ಬಾಯಿ ಹಾಕುವವರು ಯಾರು? ನಮ್ಮ ಮಾತೂ ಮನೆ ಬಿಟ್ಟು ಆಚೆ ಹೋಗಲಿಲ್ಲ. ಬೆಟ್ಟ ಬಂತು ಹೋಯಿತು, ಹೊಳೆ ಬಂತು ಹೋಯಿತು. ಅವಳ ಸೊಸೆಯ ವಿಷಯದಲ್ಲಿ ನನಗೆ ಈಗ ಪಿಎಚ್‌ಡಿ ಕೊಡಬಹುದು. ನಾದಿನಿ ನಿಮ್ಮ ಪತ್ರಿಕೆ ಓದುತ್ತಾಳೆ. ಓದಲಿ. ಅವಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಇಬ್ಬರು ಹೊರಟರೆ ಮನೆಯೂ ಜೊತೆಗೇ ಹೊರಡುತ್ತದೆ. ಒಬ್ಬರೇ ಇದ್ದಾಗ ಪಕ್ಕದ ಸೀಟು ಖಾಲಿ ಇರುತ್ತದೆ. ಬರುವವರು ಬಂದು ಕೂರುವುದು ಅಲ್ಲೇ ಅಲ್ವಾ?

ಹಾಗಂತ ಒಬ್ಬರೇ ಹೋಗುವುದೆಲ್ಲ ಸುಖವೇ ಅಂತ ಸುಳ್ಳು ಹೇಳುವುದಿಲ್ಲ. ಸಂಜೆ ಆರರಿಂದ ಏಳರವರೆಗೆ ಒಂದು ಹೊತ್ತಿದೆ. ಗುರುತಿಲ್ಲದ ಊರಲ್ಲಿ ದೀಪ ಹತ್ತುವ ಹೊತ್ತು. ಎಲ್ಲರೂ ಎಲ್ಲಿಗೋ ಹೋಗುತ್ತಿರುತ್ತಾರೆ. ನಮಗೆ ಮಾತ್ರ ಹೋಗಲು ಜಾಗವಿಲ್ಲ ಅನ್ನಿಸುತ್ತದೆ. ಆಗ ನನಗೆ ಇಬ್ನ್ ಬತೂತನ ನೆನಪು ಬರುತ್ತದೆ. 1325ರಲ್ಲಿ ಮೊರಾಕ್ಕೊದ ಟ್ಯಾಂಜಿಯರಿನಿಂದ ಒಬ್ಬನೇ ಹೊರಟ. ಆಗ ಅವನಿಗೆ 21 ವರ್ಷ. ಆಮೇಲೆ ಮೂವತ್ತು ವರ್ಷದ ಹತ್ತಿರ ಸುತ್ತಿದವನು. ಶಾಲೆಯಲ್ಲಿ ನಮಗೆ ಅವನ ಹೆಸರು ಹೇಳಿದ್ದರು, ದೊಡ್ಡ ಸಾಹಸಿ ಅಂತ. ಅವನು ಅತ್ತದ್ದನ್ನು ಹೇಳಿರಲಿಲ್ಲ. ದಾರಿಯಲ್ಲಿ ಒಂದು ತಂಡದ ಜೊತೆ ಸೇರಿಕೊಂಡ. ಜ್ವರ ಬಂದು, ಹೇಗೋ ಟ್ಯೂನಿಸ್ ಮುಟ್ಟಿದ. ಊರಿನ ಜನ ಬಂದವರನ್ನೆಲ್ಲ ಎದುರುಗೊಂಡು ಮಾತಾಡಿಸುತ್ತಿದ್ದರು. ಇವನನ್ನು ಯಾರೂ ಕೇಳಲಿಲ್ಲ, ಯಾರಿಗೂ ಇವನ ಗುರುತಿಲ್ಲ. ದುಃಖ ತಡೆಯಲಾಗದೆ ಅತ್ತುಬಿಟ್ಟ. ಜೊತೆಯಲ್ಲಿದ್ದ ಯಾತ್ರಿಕನೊಬ್ಬ ಅದನ್ನು ನೋಡಿದ. ಹತ್ತಿರ ಬಂದು ಮಾತಾಡಿಸಿದ. ಊರೊಳಗೆ ಹೋಗುವವರೆಗೂ ಮಾತಾಡುತ್ತಲೇ ಇದ್ದ. ಬತೂತ ಆಮೇಲೆ ಸುಲ್ತಾನರನ್ನೂ ರಾಜರನ್ನೂ ಕಂಡ. ಆದರೂ ಆ ಯಾತ್ರಿಕನನ್ನು ಮರೆಯದೆ ಹೇಳಿಕೊಂಡಿದ್ದಾನೆ. ಆ ಯಾತ್ರಿಕ ನಿಮ್ಮ ಆರನೆಯ ಸೂಚನೆ ಪಾಲಿಸಿದ್ದರೆ?

ಮುದುಕಿಯ ಅನುಭವ ಲೆಕ್ಕಕ್ಕಿಲ್ಲ ಅನ್ನುವವರಿಗೆ ಇನ್ನೊಂದು ಸಂಗತಿ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಇಬ್ಬರು ಸಂಶೋಧಕರು ಶಿಕಾಗೊದಲ್ಲಿ ದಿನಾ ರೈಲಿನಲ್ಲಿ ಓಡಾಡುವವರ ಮೇಲೆ ಒಂದು ಪ್ರಯೋಗ ಮಾಡಿದರು. 2014ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಿ ಅಂದರು. ಕೆಲವರಿಗೆ ಸುಮ್ಮನೆ ನಿಮ್ಮಷ್ಟಕ್ಕೆ ನೀವು ಕೂರಿ ಅಂದರು. ಉಳಿದವರಿಗೆ ದಿನಾ ಇರುವ ಹಾಗೇ ಇರಿ ಅಂದರು. ಹೆಚ್ಚು ಖುಷಿಯಾಗಿ ಇಳಿದವರು ಮಾತಾಡಿದವರು. ಇದರಲ್ಲಿ ಮಜಾ ಏನೆಂದರೆ, ಬೇರೆ ಪ್ರಯಾಣಿಕರನ್ನು ‘ಹೀಗೆ ಮಾಡಿದರೆ ಹೇಗಿರುತ್ತೆ ಅಂತ ಊಹಿಸಿ’ ಅಂತ ಕೇಳಿದಾಗ, ಮಾತಾಡುವುದಕ್ಕಿಂತ ಸುಮ್ಮನೆ ಕೂರುವುದೇ ಸುಖ ಅಂದಿದ್ದರು. ಆಮೇಲೆ ಲಂಡನ್ನಿನ ರೈಲುಗಳಲ್ಲೂ ಇದನ್ನೇ ಮಾಡಿ ನೋಡಿದರು. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಅಂತ ಹೆಸರು. ಅಲ್ಲೂ ಮಾತಾಡಿದವರದೇ ಗೆಲುವು. ಪಕ್ಕದವರು ಮಾತಾಡಿಸಲಿ ಅಂತ ಇಬ್ಬರೂ ಕಾಯುತ್ತಾ, ಇಬ್ಬರೂ ಕಿಟಕಿ ನೋಡುತ್ತಾ ಕೂರುತ್ತೇವೆ. ಕಿವಿಗೆ ಇಯರ್‌ಫೋನ್ ಬಂದ ಮೇಲಂತೂ ಕೇಳಲೇಬೇಡಿ. ಅದನ್ನು ಹಾಕಿಕೊಂಡವರು ನನಗೆ ಎಂಗೇಜ್ ಟೋನ್ ಬರುವ ಲೈನಿನ ಹಾಗೆ ಕಾಣುತ್ತಾರೆ. ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಒಂದು ರಾತ್ರಿ ಬಸ್ಸಿನಲ್ಲಿ ಪಕ್ಕದಲ್ಲಿ ನಲವತ್ತರ ಒಬ್ಬ ಹೆಂಗಸು ಕೂತಿದ್ದಳು. ಲೈಟು ಆರಿಸಿದ ಮೇಲೆ ಅವಳು ಮಾತು ಶುರು ಮಾಡಿದಳು. ಒಂದು ವಿಷಯ ಹೇಳಿದಳು. ಅಮ್ಮನಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ ಅಂದಳು. ಅದೇನೆಂದು ನಾನು ಇಲ್ಲಿ ಬರೆಯುವುದಿಲ್ಲ. ಎಕ್ಸ್‌ಚೇಂಜಿನ ನಿಯಮ ಇನ್ನೂ ನನ್ನಲ್ಲಿ ಉಳಿದಿದೆ. ಆದರೆ ಈ ಸಲ ನಾನು ಕೇಳಬಹುದಿತ್ತು, ಕೇಳಿದ್ದಕ್ಕೆ ಮಾತೂ ಆಡಬಹುದಿತ್ತು. ಮೂರು ನಿಮಿಷಕ್ಕೆ ತುಂಡರಿಸಬೇಕಾಗಿರಲಿಲ್ಲ. ಬೆಳಗಿನ ಜಾವ ಅವಳು ಇಳಿದಳು. ಕಿಟಕಿಯ ಕೆಳಗೆ ಬಂದು ಕೈಯೆತ್ತಿದಳು, ಹೋದಳು. ನನಗೇ ಯಾಕೆ ಹೇಳಿದಳು ಅಂತ ಎಷ್ಟೋ ದಿನ ಯೋಚಿಸಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1908ರಲ್ಲೇ ಇದನ್ನು ಬರೆದಿದ್ದಾರೆ. ಹತ್ತಿರದವರಿಂದ ಬಚ್ಚಿಟ್ಟದ್ದನ್ನು ಜನ ಹೊರಗಿನಿಂದ ಬಂದವನ ಮುಂದೆ ಬಿಚ್ಚಿಡುತ್ತಾರೆ ಅಂತ. ಅವನು ಯಾರ ಕಡೆಯವನೂ ಅಲ್ಲವಲ್ಲ. ನಾಳೆ ಎದುರು ಸಿಕ್ಕಿ ಮುಖ ನೋಡುವವನೂ ಅಲ್ಲ.

ಎಲ್ಲರೂ ಇಂಥವರೇ ಸಿಗುತ್ತಾರೆ ಅಂದುಕೊಳ್ಳಬೇಡಿ. ಒಬ್ಬರು ನಾಲ್ಕು ಗಂಟೆ ತಮ್ಮ ಕಿಡ್ನಿ ಸ್ಟೋನಿನ ವಿಷಯ ಹೇಳಿದರು. ಎಷ್ಟು ದಪ್ಪವಿತ್ತು ಅಂತ ಬೆರಳಲ್ಲಿ ತೋರಿಸಿದರು. ಪ್ರತಿ ಸ್ಟೇಷನ್ನಿಗೂ ಕಲ್ಲು ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು.

ಈಗ ಹೆದರಿಕೆಯ ಮಾತು. ನಿಮ್ಮ ಲೇಖಕರು ಅದನ್ನು ಸುಮ್ನೆ ಬರೆದಿಲ್ಲ ಅಂತ ನನಗೂ ಗೊತ್ತು. ಒಮ್ಮೆ ಬಸ್ಸಿನಲ್ಲಿ ಒಬ್ಬ ಬಂದು ಪಕ್ಕ ಕೂತ. ‘ಒಬ್ಬರೇನಾ? ಯಾರೂ ಬಂದಿಲ್ವಾ? ಎಲ್ಲಿ ಇಳ್ಕೊಳ್ತೀರಾ? ರೂಮು ಬುಕ್ ಮಾಡಿದ್ದೀರಾ?’ ನಾಲ್ಕನೆಯ ಪ್ರಶ್ನೆಗೆ ನಾನು ಎದ್ದೆ. ಕಂಡಕ್ಟರ್ ಹಿಂದಿನ ಸೀಟಿಗೆ ಹೋಗಿ ಕೂತೆ, ಅವರಿಗೆ ವಿಷಯ ಹೇಳಿದೆ. ಒಳ್ಳೆಯವನೂ ಆಗಿದ್ದನೇನೋ. ಇರಲಿ, ಅವನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಗುರುತು ಒಂದೇ. ಲೈನು ಎರಡೂ ಕಡೆ ಕೇಳಿಸಬೇಕು. ಒಂದೇ ಕಡೆ ಕೇಳಿಸುತ್ತಿದ್ದರೆ ಅದನ್ನು ನಾವು ಫಾಲ್ಟ್ ಅಂತ ಬರೆದು ಕಳಿಸುತ್ತಿದ್ದೆವು. ಬರೀ ಕೇಳುತ್ತಾ ಹೋಗಿ, ತನ್ನದೊಂದೂ ಹೇಳದ ಮನುಷ್ಯನ ಹತ್ತಿರ ಕೂರಬಾರದು. ಗಡಿಯಾರದವರು ಮೊದಲು ತಮ್ಮ ಟವೆಲ್ ಬಿಚ್ಚಿದರು, ನೋಡಿ. ಉಳಿದುಕೊಳ್ಳುವ ಜಾಗವನ್ನು ನಾನು ಯಾರಿಗೂ ಹೇಳುವುದಿಲ್ಲ, ಎಷ್ಟೇ ಒಳ್ಳೆಯವರಿರಲಿ. ‘ಕರೆದುಕೊಂಡು ಹೋಗೋಕೆ ಬರೋರಿದ್ದಾರೆ’ ಅಂದುಬಿಡುತ್ತೇನೆ. ಇಂಥ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ಇಪ್ಪತ್ತಮೂರರ ಹುಡುಗಿ ಒಬ್ಬಳೇ ಹೊರಟರೆ ಅವಳಿಗೆ ಸಿಗುವ ನೋಟವೇ ಬೇರೆ, ಪ್ರಶ್ನೆಯೇ ಬೇರೆ. ಅವಳು ಯಾರ ಹತ್ತಿರ ಮಾತಾಡಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಪುರವಣಿಯೂ ಹೇಳಬೇಕಾಗಿಲ್ಲ. ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಬ್ಬರೇ ಹೋಗುವವರ ನಿಜವಾದ ಕಷ್ಟ ಬೇರೆ ಇದೆ. ಅದು ನಿಮ್ಮ ಹತ್ತರಲ್ಲಿ ಬಂದೇ ಇಲ್ಲ. ಒಂದು ಪ್ರವಾಸ ಕಂಪನಿಗೆ ಫೋನ್ ಮಾಡಿದ್ದೆ. ಇಬ್ಬರಿಗೆ ಒಂದು ರೂಮು ಅಂತ ಅವರ ಲೆಕ್ಕ. ಒಬ್ಬರೇ ಬಂದರೆ ತಲೆಗೆ ಜಾಸ್ತಿ ಕೊಡಬೇಕು. ರೂಮಿನ ಬಾಡಿಗೆ ಒಬ್ಬರಿದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ, ಅದು ಅರ್ಥವಾಗುತ್ತದೆ. ಆದರೆ ಆ ಹುಡುಗ ಕೇಳಿದ ಧಾಟಿ ಇದೆಯಲ್ಲ, ‘ಜೊತೆಗೆ ಯಾರೂ ಇಲ್ವಾ ಮೇಡಂ?’ ಅಂತ, ಅದಕ್ಕೆ ಫೋನ್ ಇಟ್ಟೆ. ಅಂದಿನಿಂದ ಹಾಸ್ಟೆಲುಗಳಲ್ಲಿ ಉಳಿಯುವುದು ಕಲಿತೆ. ಒಂದು ಕೋಣೆ, ಎಂಟು ಹಾಸಿಗೆ, ಎಂಟೂ ಬೇರೆ ಬೇರೆಯವರಿಗೆ. ಇದನ್ನು ಶುರು ಮಾಡಿದವರು ಒಬ್ಬ ಮೇಷ್ಟ್ರು. ರಿಚರ್ಡ್ ಶಿರ್ಮಾನ್ ಅಂತ, ಜರ್ಮನಿಯವರು. 1909ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಡೆದು ಹೋಗುವಾಗ ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದರು. ಊರೂರಲ್ಲಿ ಹೀಗೊಂದು ಜಾಗ ಇರಬಾರದೇಕೆ ಅಂತ ಆಗ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬಲ್ಲಿಯ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ಶುರುವಾಯಿತು.

ಯೂತ್ ಅನ್ನುವ ಮಾತಿಗೆ ನಾನು ಕಿವಿ ಕೊಡುವುದಿಲ್ಲ. ಅಂಥ ಒಂದು ಕೋಣೆಯಲ್ಲಿ ಮೇಲಿನ ಹಾಸಿಗೆಯ ಹುಡುಗಿ ರಾತ್ರಿ ತಲೆ ಕೆಳಗೆ ಹಾಕಿ, ‘ಆಂಟಿ, ಬೆಳಿಗ್ಗೆ ನಾಲ್ಕಕ್ಕೆ ಏಳಿಸ್ತೀರಾ? ನನಗೆ ಅಲಾರಾಂ ಕೇಳಿಸೋದೇ ಇಲ್ಲ’ ಅಂದಳು. ಅವಳಿಗೆ ಮಾರನೆಯ ದಿನ ಇಂಟರ್‌ವ್ಯೂ. ಕೇಳಬೇಕಾದವರನ್ನೇ ಕೇಳಿದ್ದಳು. ಬೆಳಗಿನ ಜಾವ ಫೋನ್ ಮಾಡಿ ಜನರನ್ನು ಏಳಿಸುವುದೂ ನಮ್ಮ ಡ್ಯೂಟಿಯಾಗಿತ್ತು. ನಾಲ್ಕಕ್ಕೆ ಸರಿಯಾಗಿ ಅವಳ ಕಾಲು ಅಲ್ಲಾಡಿಸಿ, ಹಳೆಯ ಆಪರೇಟರ್ ಧ್ವನಿಯಲ್ಲಿ, ‘ಗುಡ್ ಮಾರ್ನಿಂಗ್, ಯುವರ್ ವೇಕಪ್ ಕಾಲ್’ ಅಂದೆ. ಅವಳ ಜೊತೆಗೆ ಇನ್ನೂ ನಾಲ್ಕು ಜನ ಎದ್ದು ಕೂತರು. ಅವಳಿಗೆ ಕೆಲಸ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಪತ್ರಿಕೆಯವರಾದ ನಿಮಗೆ ನೆಲ್ಲಿ ಬ್ಲೈ ಗೊತ್ತಿರಬೇಕು. ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯ ವರದಿಗಾರ್ತಿ. ಎಂಬತ್ತು ದಿನಕ್ಕಿಂತ ಬೇಗ ಭೂಮಿ ಸುತ್ತಿ ಬರುತ್ತೇನೆ ಅಂದಾಗ ಪತ್ರಿಕೆಯ ಮ್ಯಾನೇಜರು ಆಗದು ಅಂದರು. ಹೆಂಗಸಿಗೆ ಕಾವಲಿಗೆ ಒಬ್ಬರು ಬೇಕು, ಸಾಮಾನು ಬೇರೆ ರಾಶಿ, ಗಂಡಸೇ ಹೋಗಬೇಕು ಅಂತ. ‘ಸರಿ, ಗಂಡಸನ್ನೇ ಕಳಿಸಿ. ಅದೇ ದಿನ ನಾನು ಬೇರೆ ಪತ್ರಿಕೆಯಿಂದ ಹೊರಟು ಅವನನ್ನು ಸೋಲಿಸುತ್ತೇನೆ’ ಅಂತ ಅವಳು ಹೇಳಿದಳು. ಕೊನೆಗೆ 1889ರ ನವೆಂಬರ್ 14ರಂದು ಒಂದೇ ಒಂದು ಕೈಚೀಲ ಹಿಡಿದು ಹೊರಟಳು, 1890ರ ಜನವರಿ 25ಕ್ಕೆ ವಾಪಸ್ಸು. 72 ದಿನ. ಆ ಮ್ಯಾನೇಜರು ಬರೆದಿದ್ದರೆ ಹತ್ತು ಸೂಚನೆಗಳು ಹೇಗಿರುತ್ತಿದ್ದವು ಅಂತ ಯೋಚಿಸಿ ನಗು ಬಂತು.

ಕಾವಲಿಗೆ ಯಾರನ್ನೂ ಕರೆದುಕೊಳ್ಳದೆ ಹೊರಟ ಗಂಡಸರಲ್ಲಿ ಜೋಶುವಾ ಸ್ಲೋಕಮ್‌ನ ಕತೆ ನನಗೆ ಜಾಸ್ತಿ ಇಷ್ಟ. 1895ರಿಂದ 1898ರವರೆಗೆ ಸಣ್ಣ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದ ಮೊದಲಿಗ. ಅಟ್ಲಾಂಟಿಕ್ ಸಮುದ್ರದ ನಡುವೆ ಹೊಟ್ಟೆ ಕೆಟ್ಟು, ಜ್ವರದಲ್ಲಿ ಮೈಮರೆತು ಬಿದ್ದ. ಕಣ್ಣು ಬಿಟ್ಟಾಗ ಚುಕ್ಕಾಣಿ ಹಿಡಿದು ಎತ್ತರದ ಒಬ್ಬ ಮನುಷ್ಯ ನಿಂತಿದ್ದನಂತೆ. ನಾನು ಕೊಲಂಬಸ್‌ನ ಕಡೆಯವನು, ಪಿಂಟಾ ಹಡಗಿನ ನಾವಿಕ, ನೀನು ಮಲಗು, ದೋಣಿ ನಾನು ನೋಡಿಕೊಳ್ಳುತ್ತೇನೆ ಅಂದನಂತೆ. ಮನುಷ್ಯರೇ ಸಿಗದ ಕಡೆಯಲ್ಲಿ ಅವನ ತಲೆ ತಾನೇ ಒಬ್ಬ ಅಪರಿಚಿತನನ್ನು ಹುಟ್ಟಿಸಿಕೊಂಡಿತ್ತು. ಹೆಂಡತಿಯಲ್ಲ, ಸ್ನೇಹಿತನಲ್ಲ, ನಾನೂರು ವರ್ಷ ಹಿಂದಿನ ಯಾವನೋ!

ಇನ್ನು ‘ಒಂಟಿ’ ಎಂಬ ಪದ. ಒಂಟಿ ಎತ್ತು, ಒಂಟಿ ಮರ, ಒಂಟಿ ಜೀವ. ಯಾವುದನ್ನು ಹೇಳಿದರೂ ‘ಅಯ್ಯೋ’ ಅನ್ನಬೇಕು ಅನ್ನಿಸುತ್ತದೆ. ನಾವು ಮನೆಯಲ್ಲಿ ಹಾಗೆ ಹೇಳುವುದಿಲ್ಲ. ‘ಅವಳು ಒಬ್ಬಳೇ ಹೋಗಿ ಬಂದಳು’ ಅನ್ನುತ್ತೇವೆ. ಅದರಲ್ಲಿ ‘ಅಯ್ಯೋ’ ಇಲ್ಲ, ಸ್ವಲ್ಪ ‘ಅಬ್ಬಾ’ ಇದೆ. ಮುಂದಿನ ಸಲ ತಲೆಬರಹ ಹಾಕುವಾಗ ನೋಡಿ.

ಆರನೆಯ ಸೂಚನೆಯನ್ನು ತೆಗೆಯಿರಿ ಅಂತ ಕೇಳುವುದಿಲ್ಲ. ತಿದ್ದಿ ಸಾಕು. ‘ನೀವು ಇಳಿದುಕೊಳ್ಳುವ ಜಾಗವನ್ನು ಅಪರಿಚಿತರಿಗೆ ಹೇಳಬೇಡಿ, ಅವರ ತೊಡೆಯ ಮೇಲೇನಿದೆ ಅಂತ ಬೇಕಾದರೆ ಕೇಳಿ.’

ಬರುವ ಗುರುವಾರ ಮತ್ತೆ ಹೊರಟಿದ್ದೇನೆ. ಯಜಮಾನರೇ ಟಿಕೆಟ್ ಮಾಡಿಕೊಟ್ಟರು. ಕಿಟಕಿ ಸೀಟು ಸಿಗಲಿಲ್ಲ, ನಡುವಿನದು ಬಂದಿದೆ ಅಂತ ಅವರಿಗೆ ಬೇಜಾರು. ನನಗೇನೂ ಇಲ್ಲ. ಎರಡೂ ಕಡೆ ಜನ.

ಇಂತಿ,
ನಿವೃತ್ತ ಟ್ರಂಕ್ ಆಪರೇಟರ್
(ಹೆಸರು, ವಿಳಾಸ ನಿಮ್ಮ ಬಳಿ ಇರಲಿ, ಅಚ್ಚು ಮಾಡಬೇಡಿ)